ಸೆಲ್ಟೆನ್ನರ ಕ್ರೀಡಾಸಿದ್ಧಾಂತ

ಒಬ್ಬನ ನಡೆಯ ಫಲವು ಮತ್ತೊಬ್ಬನ ನಡೆಯನ್ನು ಅವಲಂಬಿಸಿರುವಲ್ಲಿ ವಿವೇಕದ ಆಯ್ಕೆ ಯಾವುದೆಂದು ವಿಚಾರಿಸುವುದೇ ಕ್ರೀಡಾಸಿದ್ಧಾಂತ. ಜರ್ಮನಿಯ ಅರ್ಥಶಾಸ್ತ್ರ ಪ್ರಾಧ್ಯಾಪಕ ರೈನ್‌ಹಾರ್ಡ್ ಸೆಲ್ಟೆನ್ನರು (1930–2016) ಫ್ರಾಂಕ್‌ಫರ್ಟಿನಲ್ಲಿ ಗಣಿತವನ್ನು ಅಭ್ಯಸಿಸಿದವರು. ನಡೆಸಿದರೆ ತನಗೇ ನಷ್ಟ ತರುವ ಬೆದರಿಕೆಯನ್ನು ಗಣನೆಗೆ ತರಲಾಗದೆಂದು ಅವರು 1965ರಲ್ಲಿ ಪ್ರತಿಪಾದಿಸಿದರು; 1994ರಲ್ಲಿ ನ್ಯಾಶ್, ಹರ್ಸಾನಿಯವರೊಡನೆ ನೊಬೆಲ್ ಪಾರಿತೋಷಕ ಪಡೆದರು.

ಇತಿಹಾಸದ ಅಭ್ಯಾಸಿಗಳಾದ ನಮ್ಮನ್ನು ಹೆಚ್ಚಾಗಿ ಸೆಳೆಯುವುದು ಅವರ 1978ರ ಲೇಖನ. 20 ಊರುಗಳಲ್ಲಿ ಅಂಗಡಿಗಳುಳ್ಳ ವರ್ತಕನಿಗೆ ಊರಿಗೊಬ್ಬನಂತೆ ಸರದಿಯಲ್ಲಿ ಪ್ರತಿಸ್ಪರ್ಧಿ ಎದುರಾಗುತ್ತಾನೆ. ಬಂದವನೊಡನೆ ಕಾದಿದರೆ ಇಬ್ಬರಿಗೂ ನಷ್ಟ. ಕೊನೆಯ ಊರಿನಲ್ಲಿ, ಮುಂದೆ ಹೆದರಿಸಬೇಕಾದವರಿಲ್ಲದ್ದರಿಂದ, ಕಾದಾಟ ವ್ಯರ್ಥ, ಆದುದರಿಂದ 19ನೆಯದರಲ್ಲಿಯೂ ವ್ಯರ್ಥ, ಹೀಗೆ ಮೊದಲನೆಯದರವರೆಗೂ. ತರ್ಕವೇನೋ ನಿರ್ದುಷ್ಟ. ಆದರೂ ತಾವೇ ಆ ವರ್ತಕರಾದರೆ ಮೊದಮೊದಲು ಕಾದಾಡಿಯೇ ಹೆದರಿಸುವುದಾಗಿ ಸೆಲ್ಟೆನ್ನರು ಬರೆದರು! ತಮ್ಮ ಸಿದ್ಧಾಂತಕ್ಕೆ ತಮ್ಮ ಮನಸ್ಸೇ ಒಡಂಬಡದುದನ್ನು ಅವರು ಮರೆಮಾಚಲಿಲ್ಲ. 1984ರಿಂದ ಬಾನ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ, ಮನುಷ್ಯರು ವಾಸ್ತವವಾಗಿ ಹೇಗೆ ಆಡುವರೆಂಬುದನ್ನೇ ಪರೀಕ್ಷಿಸತೊಡಗಿದರು.