ಹಸಿರಾಗಿ ಮಿನುಗಿದರೆ ಬೀಜಾಣು

2001ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅಮೆರಿಕದ ಕೆಲವು ಸುದ್ದಿಸಂಸ್ಥೆಗಳಿಗೆ, ಇಬ್ಬರು ಸೆನೆಟರ್‌ಗಳಿಗೆ ಅಂಚೆಯಲ್ಲಿ ಬಂದ ಲಕೋಟೆಗಳಲ್ಲಿ ಕಾಗದದ ಜೊತೆ ಪುಡಿಯೂ ಇತ್ತು. ಅದು ಆಂಥ್ರಾಕ್ಸ್ ಬ್ಯಾಕ್ಟೀರಿಯಾದ ಬೀಜಾಣು. ದನಕರುಗಳನ್ನು ದಿಢೀರನೆ ಕೆಡವುವ ನೆರಡಿ ರೋಗದ ಮೂಲ. 22 ಮಂದಿಗೆ ಸೋಂಕು ತಗುಲಿತು, ಐವರು ಸತ್ತರು. ಆಮೇಲೆ ಬಿಳಿ ಪುಡಿ ಕಂಡಲ್ಲೆಲ್ಲ ಜನ ಬೆಚ್ಚಿದರು. ಅದು ಮೈದಾ ಹಿಟ್ಟೋ ಆಂಥ್ರಾಕ್ಸೋ? ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು ಒಂದು ದಿನವಾದರೂ ಬೇಕು.

ರಸಾಯನಶಾಸ್ತ್ರದ ಬಳಿ ಅಡ್ಡದಾರಿಯೊಂದಿತ್ತು.

ಆಹಾರ ಮುಗಿದಾಗ ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಾಗಳು ದಪ್ಪ ಕವಚದ ಬೀಜಾಣುವಾಗಿ ನಿದ್ದೆಹೋಗುತ್ತವೆ. ಕುದಿಯುವ ನೀರಿಗೂ ಜಗ್ಗದವು ಇವುಗಳಲ್ಲಿವೆ. ಈ ಗಟ್ಟಿತನಕ್ಕೆ ನೆರವಾಗುವುದು ಒಳಗೆ ಕ್ಯಾಲ್ಸಿಯಂ ಜೊತೆ ತುಂಬಿಕೊಂಡ ಡೈಪಿಕೊಲಿನಿಕ್ ಆಮ್ಲ. ಬೀಜಾಣುವಿನ ಒಣತೂಕದಲ್ಲಿ ಅದರ ಪಾಲು ಸುಮಾರು ಶೇ. 5ರಿಂದ 15. ಬೇರೆ ಜೀವಿಗಳಲ್ಲಿ ಇದು ಅಪರೂಪ. ಅಂದಮೇಲೆ ಬೀಜಾಣುವನ್ನು ಹುಡುಕಬೇಕಿಲ್ಲ, ಈ ಆಮ್ಲವನ್ನು ಹುಡುಕಿದರೆ ಸಾಕು.

ಅದನ್ನು ಹಿಡಿದುಕೊಡುವುದು ಟರ್ಬಿಯಂ, ಟ್ಯೂಬ್‌ಲೈಟುಗಳ ಲೇಪದಲ್ಲೂ ಬಳಕೆಯಾಗುವ ಲೋಹ. ದ್ರಾವಣದಲ್ಲಿ ಒಂಟಿಯಾಗಿರುವ ಟರ್ಬಿಯಂ ಅಯಾನು ಅತಿನೇರಳೆ ಬೆಳಕನ್ನು ಹೀರುವುದು ತೀರಾ ಕಡಿಮೆ. ಈ ಆಮ್ಲ ಬಂದು ಅಂಟಿಕೊಂಡಿತೋ, ಆಂಟೆನಾದಂತೆ ಬೆಳಕನ್ನು ಹಿಡಿದು ಲೋಹಕ್ಕೆ ದಾಟಿಸುತ್ತದೆ. ಟರ್ಬಿಯಂ ಹಸಿರಾಗಿ ಹೊಳೆಯುತ್ತದೆ. ಮಾದರಿಯಲ್ಲಿರುವ ಇತರ ವಸ್ತುಗಳ ಮಿನುಗು ಕ್ಷಣದಲ್ಲೇ ಆರಿದರೂ ಈ ಹಸಿರು ಕೆಲವು ಮಿಲಿಸೆಕೆಂಡ್ ನಿಲ್ಲುತ್ತದೆ. ಉಪಕರಣ ಚೂರು ತಡೆದು ಕಣ್ಣು ತೆರೆದರೆ ಸಾಕು, ಉಳಿದಿರುವುದು ಬೀಜಾಣುವಿನ ಸುಳಿವು ಮಾತ್ರ. ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಏಡ್ರಿಯನ್ ಪೋನ್ಸ್ ಅವರ ತಂಡ ಇದೇ ತತ್ವದ ಮೇಲೆ, ಹೊಗೆ ಪತ್ತೆಯಂತ್ರದ ಹಾಗೆ ಗಾಳಿಯನ್ನು ಸದಾ ಕಾಯುವ ಆಂಥ್ರಾಕ್ಸ್ ಪತ್ತೆಯಂತ್ರವನ್ನು ರೂಪಿಸಿತು.

ಆದರೆ ಹಸಿರು ಕಂಡ ಕೂಡಲೇ ಆಂಥ್ರಾಕ್ಸ್ ಎಂದು ಕೂಗುವಂತಿಲ್ಲ. ಹೊಲದ ಮಣ್ಣಿನ ನಿರುಪದ್ರವಿ ಬ್ಯಾಸಿಲಸ್ ಸಬ್ಟಿಲಿಸ್ ಬೀಜಾಣುವಿನಲ್ಲೂ ಅದೇ ಆಮ್ಲವಿದೆ. ಹೆಸರು ಖಚಿತವಾಗಲು ಡಿಎನ್‌ಎ ಪರೀಕ್ಷೆಯೇ ಬೇಕು. ಮಾದರಿಯಲ್ಲಿ ಫಾಸ್ಫೇಟ್ ಹೆಚ್ಚಿದ್ದರೆ ಅದು ಟರ್ಬಿಯಂಗೆ ಗಂಟುಬಿದ್ದು ಹೊಳಪನ್ನು ಕುಂದಿಸುತ್ತದೆ.

ಇನ್ನೊಂದು ತೊಡಕು ಜೀವ-ಸಾವಿನದು. ಬೀಜಾಣುವನ್ನು ಬಿಸಿಮಾಡಿ ಆಮ್ಲವನ್ನು ಹೊರಗೆಳೆದರೆ ಸತ್ತದ್ದೂ ಬದುಕಿದ್ದೂ ಒಂದೇ ಲೆಕ್ಕಕ್ಕೆ ಬೀಳುತ್ತವೆ. ಬೇರೆ ಗ್ರಹಗಳಿಗೆ ಭೂಮಿಯ ಸೂಕ್ಷ್ಮಜೀವಿಗಳು ಹೋಗದಂತೆ ನೌಕೆಗಳನ್ನು ತಪಾಸಣೆ ಮಾಡುವ ನಾಸಾಗೆ ಬೇಕಾದದ್ದು ಬದುಕಿದ್ದವುಗಳ ಲೆಕ್ಕ. ಅದಕ್ಕೆ ಎಲ್-ಅಲನಿನ್ ಎಂಬ ಅಮೈನೋ ಆಮ್ಲದ ಆಮಿಷ ಒಡ್ಡುತ್ತಾರೆ. ಊಟ ಬಂತೆಂದು ಎಚ್ಚೆತ್ತು ಮೊಳೆಯುವ ಬೀಜಾಣು ತನ್ನ ಆಮ್ಲವನ್ನು ತಾನೇ ಹೊರಚೆಲ್ಲುತ್ತದೆ. ಸೂಕ್ಷ್ಮದರ್ಶಕದಡಿ ಅದರ ಸುತ್ತ ಒಂದು ಹಸಿರು ಚುಕ್ಕೆ ಮೂಡುತ್ತದೆ. ಸತ್ತದ್ದು ಕತ್ತಲಲ್ಲೇ ಉಳಿಯುತ್ತದೆ.