ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸುವ ಮುನ್ನ: ವಾಹನ ಮಾಲೀಕರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗಗಳಲ್ಲಿ ತೊಗರಿ, ಹತ್ತಿ, ಸಿಮೆಂಟ್ ಹಾಗೂ ಹಾಸುಗಲ್ಲಿನ ಸಾಗಣೆಗೆ ಟ್ರ್ಯಾಕ್ಟರ್ ಟ್ರೇಲರನ್ನು ವ್ಯಾಪಕವಾಗಿ ಬಳಸಲಾಗುತ್ತಿದೆ. ಟ್ರೇಲರ್ ಎಂಬುದು ಟ್ರ್ಯಾಕ್ಟರಿನ ಒಂದು ಬಿಡಿಭಾಗವೆಂಬ ಭಾವನೆ ಸಾರ್ವಜನಿಕರಲ್ಲಿ ಇದೆ. ಇದು ಸರಿಯಲ್ಲ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೇಲರ್ ಒಂದು ಪ್ರತ್ಯೇಕ ವಾಹನ. ಅದಕ್ಕೆ ತನ್ನದೇ ಆದ ನೋಂದಣಿ ಸಂಖ್ಯೆ ಇರತಕ್ಕದ್ದು. ರಸ್ತೆಯ ಮೇಲೆ ಸಹ ಅದು ಪ್ರತ್ಯೇಕ ವಾಹನದಂತೆಯೇ ವರ್ತಿಸುತ್ತದೆ. ಟ್ರ್ಯಾಕ್ಟರ್ ನಿಂತರೂ ಹಿಂದಿನ ಭಾರ ನಿಲ್ಲಲು ಒಪ್ಪುವುದಿಲ್ಲ. ಅಪಘಾತಗಳ ಮೂಲ ಬಹುತೇಕ ಇಲ್ಲಿಯೇ ಇದೆ.

ಭಾರದ ಲೆಕ್ಕ

ಟ್ರೇಲರ್ ತುಂಬಿದೆಯೇ ಇಲ್ಲವೇ ಎಂಬುದನ್ನು ಕಣ್ಣಳತೆಯಿಂದ ನಿರ್ಧರಿಸುವ ರೂಢಿ ಅಪಾಯಕಾರಿ. ಹತ್ತು ಅಡಿ ಉದ್ದ, ಆರು ಅಡಿ ಅಗಲದ ಟ್ರೇಲರಿನಲ್ಲಿ ಒಂದು ಅಡಿ ಎತ್ತರಕ್ಕೆ ತೊಗರಿ ತುಂಬಿದರೆ ಅದರ ತೂಕ ಒಂದೂವರೆ ಟನ್ನಿಗಿಂತ ಕಡಿಮೆ. ಅದೇ ಟ್ರೇಲರಿನಲ್ಲಿ ಅದೇ ಒಂದು ಅಡಿ ಎತ್ತರಕ್ಕೆ ಶಹಾಬಾದ್ ಕಲ್ಲನ್ನು ಒತ್ತಾಗಿ ಜೋಡಿಸಿದರೆ ತೂಕ ಸುಮಾರು ನಾಲ್ಕು ಟನ್ ಆಗುತ್ತದೆ. ನೋಡುವವರಿಗೆ ಟ್ರೇಲರ್ ಅರ್ಧವೂ ತುಂಬಿದಂತೆ ಕಾಣದು. ಸಿಮೆಂಟಿನ ಲೆಕ್ಕ ಸುಲಭ: ಚೀಲವೊಂದಕ್ಕೆ 50 ಕಿಲೋ, 20 ಚೀಲಕ್ಕೆ ಒಂದು ಟನ್. ಕಲ್ಲು ಸಾಗಿಸುವವರು ಮಾತ್ರ ಪ್ರತಿ ಬಾರಿಯೂ ತೂಕದ ಸೇತುವೆಯಲ್ಲಿ ತೂಗಿಸಿಕೊಳ್ಳುವುದು ಒಳ್ಳೆಯದು.

ಟ್ರೇಲರಿನ ನೋಂದಣಿ ಪತ್ರದಲ್ಲಿ ಖಾಲಿ ತೂಕ ಹಾಗೂ ಹೊರೆ ಸಹಿತ ಒಟ್ಟು ತೂಕ ಎರಡನ್ನೂ ನಮೂದಿಸಲಾಗಿರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ದೊರೆಯುವುದೇ ಹೇರಬಹುದಾದ ಗರಿಷ್ಠ ಭಾರ. ಟ್ರ್ಯಾಕ್ಟರ್ ತಯಾರಕರು ಎಳೆಯುವ ಸಾಮರ್ಥ್ಯವನ್ನು ಇದಕ್ಕಿಂತ ಕಡಿಮೆ ಎಂದು ಸೂಚಿಸಿದ್ದಲ್ಲಿ ಆ ಕಡಿಮೆ ಮಿತಿಯನ್ನೇ ಪಾಲಿಸತಕ್ಕದ್ದು. ಮಿತಿ ಮೀರಿದ ಭಾರಕ್ಕೆ 2019ರ ತಿದ್ದುಪಡಿಯ ನಂತರ ಕಾಯ್ದೆಯ ಕಲಂ 194ರಲ್ಲಿ ರೂ. 20,000 ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000 ದಂಡವನ್ನು ವಿಧಿಸಲಾಗಿದೆ. ಹೆಚ್ಚುವರಿ ಹೊರೆಯನ್ನು ಮಾಲೀಕರ ಖರ್ಚಿನಲ್ಲಿಯೇ ಇಳಿಸಬೇಕಾಗುತ್ತದೆ.

ಭಾರವನ್ನು ಎಲ್ಲಿ ಇಡಲಾಗಿದೆ ಎಂಬುದೂ ಅಷ್ಟೇ ಮುಖ್ಯ. ಎತ್ತಿನ ಬಂಡಿ ಹೂಡಿ ಬಲ್ಲ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊರೆ ಹಿಂದಕ್ಕೆ ಸರಿದರೆ ಮೂಕಿ ಮೇಲೇಳುತ್ತದೆ. ಮುಂದಕ್ಕೆ ಬಿದ್ದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಎರಡು ಚಕ್ರದ ಟ್ರೇಲರಿನಲ್ಲಿಯೂ ಇದೇ ಆಗುವುದು. ಹೊರೆ ಅಚ್ಚಿನ ಹಿಂದೆ ಹೆಚ್ಚಾದರೆ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತ ತಪ್ಪುತ್ತದೆ. ಮುಂದೆ ಅತಿಯಾದರೆ ಏರು ಹತ್ತುವಾಗ ಟ್ರ್ಯಾಕ್ಟರಿನ ಮುಂಗಾಲಿಗಳೇ ನೆಲ ಬಿಟ್ಟು ಸ್ಟೇರಿಂಗ್ ನಿಷ್ಪ್ರಯೋಜಕವಾಗುತ್ತದೆ. ಆದ್ದರಿಂದ ಹೊರೆಯ ಬಹುಭಾಗವನ್ನು ಅಚ್ಚಿನ ಮೇಲೆ, ಸ್ವಲ್ಪ ಮುಂದಕ್ಕೆ ವಾಲುವಂತೆ ಇಟ್ಟು, ಹಾಸುಗಲ್ಲುಗಳು ಜಾರದಂತೆ ಹಗ್ಗ ಅಥವಾ ಸರಪಳಿಯಿಂದ ಬಿಗಿಯಬೇಕು.

ಬ್ರೇಕ್ ಮತ್ತು ಜೋಡಣೆ

ಹೊಲದಲ್ಲಿ ತಿರುಗಲು ಅನುಕೂಲವಾಗುವಂತೆ ಟ್ರ್ಯಾಕ್ಟರಿಗೆ ಎಡ ಮತ್ತು ಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್‌ಗಳಿರುತ್ತವೆ. ರಸ್ತೆಗೆ ಬರುವ ಮೊದಲು ಇವೆರಡನ್ನೂ ಕೊಂಡಿಯಿಂದ ಒಂದುಗೂಡಿಸಲೇಬೇಕು. ಹೊಲದಿಂದ ನೇರವಾಗಿ ಡಾಂಬರು ರಸ್ತೆಗೆ ಬರುವ ಚಾಲಕರು ಈ ಚಿಕ್ಕ ಕೆಲಸವನ್ನೇ ಮರೆಯುವುದುಂಟು. ಭಾರದ ಟ್ರೇಲರ್ ಹಿಂದಿರುವಾಗ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಒಂದು ಕಡೆಗೆ ಎಳೆದು ಪಲ್ಟಿಯಾಗುವ ಸಂಭವವಿದೆ.

ಸುಮಾರು ಎರಡು ಟನ್ ತೂಗುವ ಟ್ರ್ಯಾಕ್ಟರಿನ ಬ್ರೇಕು, ಬ್ರೇಕಿಲ್ಲದ ನಾಲ್ಕು ಟನ್ ಹೊರೆಯನ್ನೂ ತಡೆಯಬೇಕಾದರೆ ನಿಲ್ಲುವ ದೂರ ಬಹಳ ಹೆಚ್ಚಾಗುತ್ತದೆ. ವೇಗ ಇಮ್ಮಡಿಯಾದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಚಿಂಚೋಳಿಯಿಂದ ಕೊಂಚಾವರಂ ಕಡೆಯ ಗುಡ್ಡಗಾಡು ರಸ್ತೆಯ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು ಜೀವದ ಜೊತೆ ಆಡಿದಂತೆ. ಇಳಿಯುವ ಮೊದಲೇ ಕೆಳ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲಿ ಇಳಿಯತಕ್ಕದ್ದು. ಮಳೆಗಾಲದಲ್ಲಿ ಗಾಲಿಗೆ ಮೆತ್ತಿದ ಎರೆ ಮಣ್ಣನ್ನು ತೆಗೆದ ನಂತರವೇ ರಸ್ತೆಗಿಳಿಯಬೇಕು.

ಹುಕ್ಕಿಗೆ ಹಾಕುವ ಪಿನ್ನು ಅದಕ್ಕೆಂದೇ ತಯಾರಾದ ಗಟ್ಟಿ ಉಕ್ಕಿನದಾಗಿದ್ದು, ಕೆಳಗೆ ಬೀಗದ ಕ್ಲಿಪ್ ಇರತಕ್ಕದ್ದು. ಕಬ್ಬಿಣದ ಸರಳಿನ ತುಂಡನ್ನು ಪಿನ್ನಿನ ಬದಲು ಬಳಸಬಾರದು. ಪಿನ್ನು ಮುರಿದರೂ ಟ್ರೇಲರ್ ಕಳಚಿ ಹೋಗದಂತೆ ಪ್ರತ್ಯೇಕ ಸುರಕ್ಷತಾ ಸರಪಳಿ ಅಗತ್ಯ. ವಾಡಿಯಿಂದ ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದ್ ಕಡೆಗೆ ಹೋಗುವ ರೈಲು ಮಾರ್ಗವನ್ನು ಗೇಟಿನಲ್ಲಿ ದಾಟುವವರು ಈ ಎರಡನ್ನೂ ವಿಶೇಷವಾಗಿ ಗಮನಿಸಬೇಕು. ಹಳಿಯ ಏರಿನಲ್ಲಿ ಟ್ರೇಲರ್ ಕಳಚಿಕೊಂಡರೆ ಅದನ್ನು ಕೈಯಿಂದ ತಳ್ಳಿ ಸರಿಸಲು ಆಗದು.

ಟ್ರೇಲರಿನ ಹಿಂಭಾಗದಲ್ಲಿ ಕೆಂಪು ದೀಪ, ಸಿಗ್ನಲ್ ಹಾಗೂ ಕೆಂಪು ಪ್ರತಿಫಲಕ ಪಟ್ಟಿ ಇರಬೇಕು. ಪಂಕ್ಚರ್ ಆಗಿ ರಾತ್ರಿ ರಸ್ತೆ ಬದಿಯಲ್ಲಿ ನಿಂತ ಟ್ರೇಲರ್, ದೀಪವಿಲ್ಲದಿದ್ದಲ್ಲಿ, ಹಿಂದಿನಿಂದ ಬರುವ ದ್ವಿಚಕ್ರ ಸವಾರನಿಗೆ ಕಾಣುವುದೇ ಇಲ್ಲ.

ಜೀಪ್ ಮಾದರಿಯ ಸಣ್ಣ ವಾಹನಕ್ಕೆ ಟ್ರೇಲರ್ ಜೋಡಿಸಲು ಇಚ್ಛಿಸುವವರಿಗೂ ಮೇಲಿನ ತತ್ವಗಳೇ ಅನ್ವಯಿಸುತ್ತವೆ. ತಯಾರಕರು ಎಳೆಯುವ ಸಾಮರ್ಥ್ಯವನ್ನು ತಿಳಿಸಿರದ ವಾಹನಕ್ಕೆ ಹುಕ್ಕನ್ನು ಬೆಸುಗೆ ಹಾಕಿಸಬಾರದು. ವಾಹನದ ಮಾರ್ಪಾಡಿಗೆ ಕಲಂ 52ರ ನಿರ್ಬಂಧವಿದೆ.

ಕೃಷಿಗೋ, ಬಾಡಿಗೆಗೋ

ನಿಯಮಗಳ ಪ್ರಕಾರ ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನವಾಗಿದೆ. ಸ್ವಂತ ಬೆಳೆಯನ್ನು ಮಾರುಕಟ್ಟೆಗೆ ಒಯ್ಯುವುದು ಕೃಷಿ ಬಳಕೆ. ಗಣಿಯಿಂದ ಪಾಲಿಶ್ ಘಟಕಕ್ಕೆ ಬಾಡಿಗೆಗೆ ಕಲ್ಲು ಸಾಗಿಸುವುದು ಕೃಷಿ ಬಳಕೆಯಲ್ಲ. ಬಾಡಿಗೆಗೆ ಬಳಸುವವರು ಸಾರಿಗೆ ವಾಹನವಾಗಿ ನೋಂದಾಯಿಸಿ, ಹಳದಿ ಫಲಕ ಹಾಗೂ ಅರ್ಹತಾ ಪತ್ರವನ್ನು ಹೊಂದಿರತಕ್ಕದ್ದು. ಈ ವ್ಯತ್ಯಾಸದ ನಿಜವಾದ ಬೆಲೆ ತಿಳಿಯುವುದು ಅಪಘಾತವಾದಾಗ. ಕೃಷಿಗೆಂದು ವಿಮೆ ಪಡೆದ ವಾಹನ ಕಲ್ಲು ಹೊತ್ತು ಹೋಗುತ್ತಿದ್ದರೆ ವಿಮಾ ಕಂಪನಿಯು ಹೊಣೆಯನ್ನು ನಿರಾಕರಿಸಬಹುದು. ಆಗ ಪರಿಹಾರದ ಮೊತ್ತಕ್ಕಾಗಿ ಮಾಲೀಕರ ಹೊಲ ಮನೆಗಳೇ ಹೋಗುವ ಪರಿಸ್ಥಿತಿ ಬರಬಹುದು. ಹೊರೆಯ ಮೇಲೆ ಅಥವಾ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂಲಿಕಾರರನ್ನು ಕೂರಿಸಿಕೊಳ್ಳುವವರಿಗೂ ಇದೇ ಅಪಾಯವಿದೆ. ಟ್ರ್ಯಾಕ್ಟರಿನಲ್ಲಿರುವುದು ಚಾಲಕರ ಆಸನ ಮಾತ್ರ. ವಿಮಾ ಪಾಲಿಸಿಯಲ್ಲಿ ಟ್ರೇಲರಿನ ಸಂಖ್ಯೆಯೂ ನಮೂದಾಗಿದೆಯೇ ಎಂಬುದನ್ನು ಪರಿಶೀಲಿಸಿಕೊಳ್ಳಬೇಕು.

ಟ್ರ್ಯಾಕ್ಟರ್ ಚಾಲನಾ ಪರವಾನಗಿ ಉಳ್ಳವರು ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಪರವಾನಗಿ ಅಸಿಂಧುವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ನಾಗಶೆಟ್ಟಿ ಪ್ರಕರಣದಲ್ಲಿ 2001ರಲ್ಲಿ ತೀರ್ಪು ನೀಡಿದೆ.

ಅರ್ಜಿ ಸಲ್ಲಿಸುವ ಬಗ್ಗೆ

ಹೊಸ ಟ್ರೇಲರ್ ಪಡೆದ ಏಳು ದಿನಗಳೊಳಗೆ ನಮೂನೆ 20ರಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಜೊತೆಗೆ ಮಾರಾಟ ಪತ್ರ (ನಮೂನೆ 21), ರಸ್ತೆ ಯೋಗ್ಯತಾ ಪತ್ರ (ನಮೂನೆ 22), ವಿಮೆ ಹಾಗೂ ವಿಳಾಸದ ದಾಖಲೆಯನ್ನು ಲಗತ್ತಿಸಬೇಕು. ವಿನ್ಯಾಸದ ಅನುಮೋದನೆ ಇಲ್ಲದ ವೆಲ್ಡಿಂಗ್ ಅಂಗಡಿಗಳಲ್ಲಿ ಮಾಡಿಸಿದ ಟ್ರೇಲರಿಗೆ ಈ ದಾಖಲೆಗಳು ದೊರೆಯುವುದಿಲ್ಲ. ಮುಂಗಡ ಕೊಡುವ ಮೊದಲೇ ಅನುಮೋದನಾ ಪತ್ರದ ಪ್ರತಿಯನ್ನು ಕೇಳಿ ಪಡೆಯುವುದು ಸೂಕ್ತ. ನೋಂದಣಿಯ ನಂತರ ಟ್ರೇಲರಿನ ಪಕ್ಕದಲ್ಲಿ ಅದರ ಸ್ವಂತ ಸಂಖ್ಯೆಯನ್ನೂ, ಹಿಂಭಾಗದಲ್ಲಿ ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯನ್ನೂ ಬರೆಯಿಸತಕ್ಕದ್ದು.

ಹಳೆಯ ಟ್ರೇಲರ್ ಖರೀದಿಸುವವರು ಟ್ರ್ಯಾಕ್ಟರಿನ ವರ್ಗಾವಣೆಯೊಂದಿಗೆ ಟ್ರೇಲರ್ ತಾನಾಗಿಯೇ ತಮ್ಮ ಹೆಸರಿಗೆ ಬರುತ್ತದೆಂದು ಭಾವಿಸಬಾರದು. ಅದಕ್ಕೆ ನಮೂನೆ 29 ಮತ್ತು 30ರಲ್ಲಿ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು. ತಪಾಸಣೆಗೆ ಕಲಬುರಗಿ ಪ್ರಾದೇಶಿಕ ಸಾರಿಗೆ ಕಛೇರಿಗೆ (ಕೆಎ-32) ಬರುವವರು ಟ್ರೇಲರನ್ನು ಖಾಲಿಯಾಗಿ, ಟ್ರ್ಯಾಕ್ಟರಿಗೆ ಜೋಡಿಸಿ, ದೀಪಗಳ ತಂತಿ ಸಂಪರ್ಕ ಕೊಟ್ಟು, ಚಾಸಿ ಸಂಖ್ಯೆಯ ಮೇಲಿನ ಬಣ್ಣ ಮತ್ತು ಮಣ್ಣನ್ನು ಒರೆಸಿ ತರುವುದು.