ಹನ್ನೊಂದು ಹೊಸ್ತಿಲು ದಾಟಿದ ದೋಣಿ

ಉದ್ದ 57 ಅಡಿ, ಅಗಲ ಏಳು ಅಡಿಗೆ ಎರಡಂಗುಲ ಕಡಿಮೆ. ಅಂದರೆ ಒಂದೂವರೆ ಸಾರಿಗೆ ಬಸ್ಸಿನಷ್ಟು ಉದ್ದ, ಆದರೆ ಬಸ್ಸಿನಷ್ಟೂ ಅಗಲವಿಲ್ಲ. ದಡದಲ್ಲಿ ನಿಂತು ನೋಡಿದಾಗ ‘ಇದು ದೋಣಿಯೋ, ನೀರಿಗಿಳಿದ ಓಣಿಯೋ’ ಅನ್ನಿಸಿತು. ಒಳಗೆ ಹೋದರೆ ಓಣಿಯೇ. ಒಂದರ ಹಿಂದೊಂದು ಮಂಚ, ಬಚ್ಚಲು, ಅಡುಗೆಕಟ್ಟೆ, ಸೌದೆ ಒಲೆ. ಒಬ್ಬರು ಚಹಾ ಮಾಡುತ್ತಿದ್ದರೆ ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಂಡು ದಾಟಬೇಕು. ಇಂಗ್ಲೆಂಡಿನಲ್ಲಿ ಇದನ್ನು ನ್ಯಾರೋಬೋಟ್ ಅನ್ನುತ್ತಾರೆ. ಆಕ್ಸ್‌ಫರ್ಡಿನಲ್ಲಿ ನೆಲೆಸಿರುವ ತೀರ್ಥಹಳ್ಳಿಯ ಗೆಳೆಯನ ದಯೆಯಿಂದ ಜೂನ್ ತಿಂಗಳ ಒಂದು ದಿನ ಪೂರ್ತಿ ಇದರ ಬೆನ್ನ ಮೇಲೆ ಕಳೆದೆ. ದೋಣಿ ಅವನ ನೆರೆಮನೆಯ ನಿವೃತ್ತ ಮೇಷ್ಟರದ್ದು. ಥ್ರಪ್ ಎಂಬ ಹಳ್ಳಿಯಿಂದ ಆಕ್ಸ್‌ಫರ್ಡ್ ಕಾಲುವೆಯಲ್ಲಿ ಕೆಳಗಿಳಿದು, ಥೇಮ್ಸ್ ನದಿ ಸೇರಿ, ಊರಿನ ಹತ್ತಿರ ಮತ್ತೆ ಕಾಲುವೆಗೆ ಹತ್ತಿ ಥ್ರಪ್‌ಗೇ ಮರಳುವ ಸುತ್ತು ಅದು.

ದೋಣಿ ಯಾಕಿಷ್ಟು ಕಿರಿದು? ಉತ್ತರ ಹದಿನೆಂಟನೇ ಶತಮಾನದಲ್ಲಿದೆ. ಜೇಮ್ಸ್ ಬ್ರಿಂಡ್ಲಿ ಎಂಬ ಗಿರಣಿ ಕಸುಬುದಾರ ಕಾಲುವೆ ಎಂಜಿನಿಯರ್ ಆದ. 1761ರಲ್ಲಿ ಅವನ ಬ್ರಿಜ್‌ವಾಟರ್ ಕಾಲುವೆ ಗಣಿಯಿಂದ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ತಂದಾಗ ಅಲ್ಲಿ ಅದರ ಬೆಲೆ ಅರ್ಧಕ್ಕೆ ಕುಸಿಯಿತು. ಆಮೇಲೆ ದೇಶಕ್ಕೇ ಕಾಲುವೆಯ ಹುಚ್ಚು ಹಿಡಿಯಿತು. ದಿಣ್ಣೆ ಹತ್ತಿಳಿಯಬೇಕಾದ ಕಡೆಗಳಲ್ಲಿ ಬ್ರಿಂಡ್ಲಿ ಏಳಡಿ ಅಗಲದ ಲಾಕ್ ಕಟ್ಟಿದ. ಲಾಕ್ ಅಂದರೆ ಎರಡು ತುದಿಗೂ ಬಾಗಿಲಿರುವ, ನೀರು ತುಂಬಿಸಿ ಇಳಿಸಿ ದೋಣಿಯನ್ನು ಏರಿಳಿಸುವ ಪೆಟ್ಟಿಗೆ. ಖರ್ಚೂ ಕಡಿಮೆ, ನೀರೂ ಕಡಿಮೆ. ಅಂದಿನಿಂದ ಇಂದಿನವರೆಗೆ ಆ ಏಳಡಿಯೇ ದೋಣಿಯ ಹಣೆಬರಹ. 1769ರಲ್ಲಿ ಶಾಸನದ ಒಪ್ಪಿಗೆ ಪಡೆದ ಆಕ್ಸ್‌ಫರ್ಡ್ ಕಾಲುವೆ ಕೂಡ ಅವನದೇ ಕಲ್ಪನೆ. ಮುಗಿದದ್ದನ್ನು ನೋಡಲು ಅವನಿರಲಿಲ್ಲ, 1772ರಲ್ಲೇ ತೀರಿಕೊಂಡ. ಮೊದಲ ಕಲ್ಲಿದ್ದಲ ದೋಣಿಗಳು ಆಕ್ಸ್‌ಫರ್ಡ್ ಮುಟ್ಟಿದ್ದು 1790ರ ಜನವರಿ 1ರಂದು.

ಹೊರಡುವ ಮುಂಚೆ ಮೇಷ್ಟರು ನಮ್ಮನ್ನು ಕಾಲುವೆಯ ದಂಡೆಯಲ್ಲಿ ಉತ್ತರಕ್ಕೆ ನಡೆಸಿಕೊಂಡು ಹೋಗಿ ಒಂದು ವಿಚಿತ್ರ ತೋರಿಸಿದರು. ಶಿಪ್ಟನ್ ವಿಯರ್ ಲಾಕ್. ಮಿಕ್ಕ ಲಾಕ್‌ಗಳೆಲ್ಲ ಉದ್ದನೆಯ ಪೆಟ್ಟಿಗೆಯಂತಿದ್ದರೆ ಇದು ಆರು ಮೂಲೆಯ ಅಗಲ ಕೊಳ. ಇದರ ಮೇಲ್ಗಡೆ ಸುಮಾರು ಒಂದು ಮೈಲಿ ದೂರ ಚರ್ವೆಲ್ ನದಿಯೇ ಕಾಲುವೆ. ನದಿಯಿಂದ ಕಾಲುವೆಗೆ ಇಳಿಯುವ ಈ ಲಾಕ್‌ನ ಆಳ ಎರಡೂವರೆ ಅಡಿಯಷ್ಟೇ. ಮುಂದಿನ ಲಾಕ್ ಇದಕ್ಕಿಂತ ಬಹಳ ಆಳ. ಇಲ್ಲಿಂದ ಒಂದು ಸಲಕ್ಕೆ ಇಳಿಯುವ ನೀರು ಅಲ್ಲಿ ಒಂದು ಸಲಕ್ಕೆ ಖರ್ಚಾಗುವ ನೀರಿಗೆ ಸಮನಾಗಬೇಡವೇ? ಆಳದಲ್ಲಿ ಸಿಗದ್ದನ್ನು ಅಗಲದಲ್ಲಿ ತೆಗೆದುಕೊಂಡಿದ್ದಾರೆ. ಎರಡು ಶತಮಾನದ ಹಿಂದೆ ಯಾರೋ ಕೂತು ಕೊಡ ಕೊಡವೂ ಲೆಕ್ಕ ಹಾಕಿದ್ದಾರೆ ಅನ್ನುವುದು ಆ ಕೊಳದ ಅಂಚಿನಲ್ಲಿ ನಿಂತಾಗ ಗೊತ್ತಾಯಿತು. ಇಡೀ ದಿನ ನನ್ನನ್ನು ಕಾಡಿದ್ದೂ ದೋಣಿಯಲ್ಲ, ಈ ನೀರಿನ ಲೆಕ್ಕವೇ. ನಮ್ಮ ಕಡೆ ನಾಲೆ ಅಂದರೆ ನೀರನ್ನು ಗದ್ದೆಗೆ ಹೊತ್ತೊಯ್ಯುವಂಥದ್ದು. ಇಲ್ಲಿ ನೀರು ಎಲ್ಲಿಗೂ ಹೋಗಬೇಕಾಗಿಲ್ಲ. ನಿಂತಲ್ಲೇ ನಿಂತು ದೋಣಿ ಹೊತ್ತರೆ ಸಾಕು. ದೋಣಿಯೊಂದು ಲಾಕ್ ದಾಟಿದಾಗ ಮಾತ್ರ ಒಂದು ಪೆಟ್ಟಿಗೆಯಷ್ಟು ನೀರು ಕೆಳಗಿಳಿಯುತ್ತದೆ.

ಆ ಪೆಟ್ಟಿಗೆಯಲ್ಲಿ ಎಷ್ಟು ಹಿಡಿಯುತ್ತದೆ? ಹೆಚ್ಚುಕಡಿಮೆ ಒಂದು ಲಕ್ಷ ಲೀಟರ್. ಬೆಂಗಳೂರಿನ ಬೀದಿಗೆ ಬರುವ ನೀರಿನ ಟ್ಯಾಂಕರಿನ ಲೆಕ್ಕದಲ್ಲಿ ಹದಿನಾರು ಲೋಡು. ಉತ್ತರದಲ್ಲಿ, ಕಾಲುವೆಯ ನೆತ್ತಿಯ ಭಾಗಕ್ಕೆ ಬಾಡಿಂಗ್ಟನ್, ಕ್ಲ್ಯಾಟರ್‌ಕೋಟ್ ಮೊದಲಾದ ಕೆರೆಗಳಿಂದ ನೀರು ಬರುತ್ತದೆ. ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿದು ಥೇಮ್ಸ್ ಸೇರುತ್ತದೆ. ಮಳೆ ಕೈಕೊಟ್ಟ ಬೇಸಿಗೆಯಲ್ಲಿ ಲಾಕ್‌ಗಳಿಗೆ ಬೀಗ ಬೀಳುವುದುಂಟು.

ನಮ್ಮ ಮೊದಲ ಲಾಕ್ ರೌಂಡ್‌ಹ್ಯಾಮ್. ಕೆಲಸ ಸರಳ, ಆದರೆ ಕ್ರಮ ತಪ್ಪುವಂತಿಲ್ಲ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಬೇಕು. ಎಲ್ ಆಕಾರದ ಕಬ್ಬಿಣದ ಹಿಡಿ ಹಾಕಿ ಹಲ್ಲುಚಕ್ರ ತಿರುಗಿಸಿದರೆ ಕೆಳಬಾಗಿಲ ತೂಬು ಮೇಲೇಳುತ್ತದೆ, ನೀರು ಭೋರೆಂದು ಹೊರಬೀಳುತ್ತದೆ, ದೋಣಿ ಗೋಡೆಗಳ ನಡುವೆ ಮೆಲ್ಲಗೆ ಮುಳುಗಿದಂತೆ ಇಳಿಯುತ್ತದೆ. ಎರಡೂ ಕಡೆ ನೀರು ಸಮವಾದಾಗ ಬಾಗಿಲ ತೊಲೆಗೆ ಬೆನ್ನು ಕೊಟ್ಟು ನೂಕಬೇಕು. ಸಮವಾಗುವ ಮುಂಚೆ ನೀವು ಭೀಮನಾದರೂ ಅದು ಅಲ್ಲಾಡುವುದಿಲ್ಲ.

ಇಳಿಯುವಾಗ ಒಂದು ಅಪಾಯವಿದೆ. ಮೇಲ್ಬಾಗಿಲ ಬುಡದಲ್ಲಿ, ನೀರಿನೊಳಗೆ, ಕಲ್ಲಿನದೊಂದು ಹೊಸ್ತಿಲು ಮುಂದಕ್ಕೆ ಚಾಚಿಕೊಂಡಿರುತ್ತದೆ. ದೋಣಿಯ ಹಿಂಬದಿ ಅದರ ಮೇಲೆ ಕೂತರೆ ನೀರು ಇಳಿದಂತೆಲ್ಲ ಮೂತಿ ಕೆಳಗಾಗಿ, ಕ್ಷಣದಲ್ಲಿ ದೋಣಿ ಮುಳುಗಬಹುದು. ಗೋಡೆಯ ಮೇಲೆ ಬಿಳಿ ಗೆರೆ ಎಳೆದು ಎಚ್ಚರಿಸಿದ್ದಾರೆ. ಹೊಸ್ತಿಲ ಮೇಲೆ ಕೂರಬೇಡ ಅಂತ ಅಜ್ಜಿ ಬೈಯುತ್ತಿದ್ದುದಕ್ಕೆ ಇಲ್ಲಿ, ಇಷ್ಟು ದೂರದಲ್ಲಿ, ಪುರಾವೆ ಸಿಕ್ಕಿತು.

ಕಿಡ್ಲಿಂಗ್ಟನ್ ಗ್ರೀನ್ ಲಾಕ್ ದಾಟಿದ ಮೇಲೆ ಚುಕ್ಕಾಣಿ ನನ್ನ ಕೈಗೆ ಬಂತು. ಎಡಕ್ಕೆ ಹೋಗಬೇಕಾದರೆ ಹಿಡಿಯನ್ನು ಬಲಕ್ಕೆ ನೂಕಬೇಕು, ಬಲಕ್ಕಾದರೆ ಎಡಕ್ಕೆ. ಬಾಯಿಪಾಠ ಸುಲಭ. ತಿರುವು ಬಂದಾಗ ಕೈ ಹಳೆಯ ಚಾಳಿ ಬಿಡಲಿಲ್ಲ. 57 ಅಡಿ ಮುಂದಿದ್ದ ಮೂತಿ ಜೊಂಡಿನೊಳಗೆ ನುಗ್ಗಿ ನಿಂತಿತು. ಅಲ್ಲಿ ಧ್ಯಾನಸ್ಥವಾಗಿದ್ದ ಬೂದು ಬಕವೊಂದು ನನ್ನನ್ನು ತಿರಸ್ಕಾರದಿಂದ ನೋಡಿ ಹಾರಿಹೋಯಿತು. ‘ಬ್ರೇಕ್ ಹುಡುಕಬೇಡ ಮಾರಾಯ, ಇದಕ್ಕೆ ಬ್ರೇಕೇ ಇಲ್ಲ’ ಅಂದ ಗೆಳೆಯ. ನಿಲ್ಲಿಸಬೇಕಾದರೆ ಎಂಜಿನ್ ಹಿಮ್ಮುಖ ಕೊಟ್ಟು ಕಾಯಬೇಕು. ಉದ್ದನೆಯ ಬಿದಿರುಗಳುವಿನಂಥ ಕೋಲಿನಿಂದ ದಡವನ್ನು ಒದ್ದು ಹೊರಬಂದೆವು. ಇಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕ ಅದಕ್ಕಿಂತಲೂ ನಿಧಾನ, ಇಲ್ಲದಿದ್ದರೆ ನಿಮ್ಮ ಅಲೆಗೆ ಅವರ ಚಹಾ ಚೆಲ್ಲುತ್ತದೆ. ದಂಡೆಯಲ್ಲಿ ನಾಯಿ ಹಿಡಿದು ಹೊರಟಿದ್ದ ಅಜ್ಜಿಯೊಬ್ಬರು ನಮ್ಮನ್ನು ಹಿಂದೆ ಹಾಕಿದರು. ಎರಡು ಸಲ.

ಡ್ಯೂಕ್ಸ್ ಲಾಕ್ ಇಳಿದೊಡನೆ ಬಲಕ್ಕೆ ಒಂದು ಅಡ್ಡಗಾಲುವೆ. 1789ರಲ್ಲಿ ಮಾರ್ಲ್‌ಬರೋ ಡ್ಯೂಕ್ ತೋಡಿಸಿದ್ದು. ಅದರ ಪುಟ್ಟ ಲಾಕ್ ಇಳಿದು ಮರಗಳ ಸುರಂಗದಂಥ ಹಿನ್ನೀರು ದಾಟಿದರೆ ಥೇಮ್ಸ್. ಅಲ್ಲಿಯವರೆಗೆ ಹರಟುತ್ತಿದ್ದ ಮೇಷ್ಟರು ಸುಮ್ಮನಾದರು. ಜೀವರಕ್ಷಕ ಜಾಕೆಟ್ ಹಾಕಿಸಿದರು, ಲಂಗರು ಕೈಗೆಟಕುವ ಕಡೆ ಇಟ್ಟರು. ಕಾಲುವೆಗೆ ಬಿದ್ದರೆ ಎದ್ದು ನಿಂತರಾಯಿತು, ನೀರು ಸೊಂಟ ದಾಟುವುದು ಅಪರೂಪ. ನದಿಗೆ ಅಂಥ ಸಲಿಗೆ ಇಲ್ಲ. ಎಂಜಿನ್ ಕೈಕೊಟ್ಟರೆ ಅದು ದೋಣಿಯನ್ನು ತನಗೆ ಬೇಕಾದ ಕಡೆ ಒಯ್ಯುತ್ತದೆ. ಆಡಳಿತವೂ ಬೇರೆ. ಕಾಲುವೆ ಒಂದು ದತ್ತಿ ಸಂಸ್ಥೆಯದು, ನದಿ ಸರ್ಕಾರದ ಪರಿಸರ ಇಲಾಖೆಯದು. ದಾಯಾದಿಗಳ ಪಾಲಿನ ಹಾಗೆ ಪರವಾನಗಿ ಎರಡಕ್ಕೂ ಬೇಕು.

ಕಿಂಗ್ಸ್ ಲಾಕ್‌ನಲ್ಲಿ ಬಾಗಿಲನ್ನು ಇನ್ನೂ ಕೈಯಿಂದಲೇ ನೂಕಬೇಕು. ಅಲ್ಲಿಂದ ಕೆಳಗೆ ಎಲ್ಲ ವಿದ್ಯುತ್ ಗುಂಡಿಯ ಲಾಕ್‌ಗಳು. ಗಾಡ್‌ಸ್ಟೋದಲ್ಲಿ ಒಬ್ಬ ಲಾಕ್ ಕೀಪರ್ ಇದ್ದ. ನಮ್ಮ ಹಳ್ಳಿಯ ನೀರಗಂಟಿಯ ಗತ್ತೇ. ಎಂಜಿನ್ ಆರಿಸಿ ಹಗ್ಗ ಕೈಯಲ್ಲಿ ಹಿಡಿದು ನಿಲ್ಲಿ ಅಂದ, ನಿಂತೆವು. ಪಕ್ಕದಲ್ಲೇ ಹನ್ನೆರಡನೇ ಶತಮಾನದ ಸನ್ಯಾಸಿನಿಯರ ಮಠದ ಪಾಳುಗೋಡೆ. ಗೆಳೆಯನ ಹೆಂಡತಿ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದು ಅದರ ನೆರಳಿನಲ್ಲಿ. 1862ರ ಜುಲೈ 4ರಂದು ಗಣಿತದ ಮೇಷ್ಟರೊಬ್ಬರು ಮೂವರು ಪುಟ್ಟ ಹುಡುಗಿಯರನ್ನು ಕೂರಿಸಿಕೊಂಡು ಇಲ್ಲಿಗೆ ಹುಟ್ಟು ಹಾಕಿಕೊಂಡು ಬಂದಿದ್ದರು. ದಾರಿಯಲ್ಲಿ ಮಕ್ಕಳು ಪೀಡಿಸಿದ್ದಕ್ಕೆ ಹೇಳಿದ ಕತೆ ಮುಂದೆ ಪುಸ್ತಕವಾಯಿತು. ಮೇಷ್ಟರು ಲೂಯಿಸ್ ಕ್ಯಾರಲ್, ಹುಡುಗಿಯರಲ್ಲಿ ಒಬ್ಬಳು ಆಲಿಸ್.

ಗಾಡ್‌ಸ್ಟೋ ದಾಟಿದರೆ ಎಡಕ್ಕೆ ಪೋರ್ಟ್ ಮೆಡೋ, ಕಣ್ಣು ಹಾಯುವವರೆಗೂ ಗೋಮಾಳ. ಸಾವಿರಾರು ವರ್ಷದಿಂದ ಇದಕ್ಕೆ ನೇಗಿಲು ತಾಗಿಲ್ಲ. 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಊರವರು ಮೇಯಿಸುವ ಹುಲ್ಲುಗಾವಲೆಂದೇ ಇದೆ, ಈಗಲೂ ಹಾಗೆಯೇ ಇದೆ. ದನಗಳು ಮೊಣಕಾಲುದ್ದ ನೀರಿಗಿಳಿದು ನಮ್ಮನ್ನು ನೋಡುತ್ತಿದ್ದವು. ದೂರದಲ್ಲಿ ವಿಶ್ವವಿದ್ಯಾಲಯದ ಗೋಪುರಗಳು. 1930ರ ದಶಕದಲ್ಲಿ ವಿ.ಕೃ. ಗೋಕಾಕ್, 1960ರ ದಶಕದ ಆರಂಭದಲ್ಲಿ ಗಿರೀಶ ಕಾರ್ನಾಡ್ ಓದಿದ್ದು ಅಲ್ಲಿ. ಹಡಗಿನಲ್ಲಿ ವಾರಗಟ್ಟಲೆ ಪಯಣಿಸಿ ಬಂದವರಿಗೆ ಈ ನೀರು ತೊರೆಯಂತೆ ಕಂಡಿರಬೇಕು.

ಶೀಪ್‌ವಾಶ್ ಎಂಬ ಚಿಕ್ಕ ಸೀಳಿನಲ್ಲಿ ಎಡಕ್ಕೆ ತಿರುಗಿ, ರೈಲು ಹಳಿಯ ಅಡಿ ನುಸುಳಿದರೆ ಐಸಿಸ್ ಲಾಕ್. 1796ರಲ್ಲಿ ಇದನ್ನು ಕಟ್ಟಿದ್ದು ಆಕ್ಸ್‌ಫರ್ಡ್ ಜೈಲಿನ ಕೈದಿಗಳು. ಇಲ್ಲಿಂದ ಮತ್ತೆ ಹತ್ತುವ ಕೆಲಸ. ಕಾಲುವೆ ಮೊದಲು ಇನ್ನೂ ಮುಂದೆ, ಊರ ಹೊಟ್ಟೆಯೊಳಗಿನ ದೊಡ್ಡ ಬಂದರುಕಟ್ಟೆಯವರೆಗೆ ಹೋಗುತ್ತಿತ್ತು. ಮಾರಿಸ್ ಕಾರುಗಳ ಒಡೆಯ ಲಾರ್ಡ್ ನಫೀಲ್ಡ್ ಕಾಲೇಜು ಕಟ್ಟಿಸಲು ಆ ಜಾಗ ಕೊಂಡ. ಕೊಳಕ್ಕೆ ಮಣ್ಣು ತುಂಬಿದರು. ಅದರ ಒಂದು ಪಾಲಿನ ಮೇಲೆ ಇಂದು ಇರುವುದು ಕಾರು ನಿಲ್ದಾಣ. ಕಾಲುವೆಯನ್ನು ರೈಲು ಸೋಲಿಸಿತು ಅನ್ನುತ್ತಾರೆ. ಇಲ್ಲಿ ಮಾತ್ರ ಮೇಲೆ ಮಣ್ಣೆಳೆದದ್ದು ಕಾರು.

ಆದರೂ ಹಠಮಾರಿಗಳಿದ್ದರು. ಜೋ ಮತ್ತು ರೋಸ್ ಸ್ಕಿನ್ನರ್ ದಂಪತಿ ‘ಫ್ರೆಂಡ್‌ಶಿಪ್’ ಎಂಬ ತಮ್ಮ ಸ್ವಂತ ದೋಣಿಯನ್ನು ಹೇಸರಗತ್ತೆ ಕಟ್ಟಿ ಎಳೆಸುತ್ತ 1950ರ ದಶಕದ ಕೊನೆಯವರೆಗೂ ಕಲ್ಲಿದ್ದಲು ಸಾಗಿಸಿದರು. ಆ ದೋಣಿ ಈಗ ಎಲ್ಸ್‌ಮಿಯರ್ ಪೋರ್ಟ್ ಸಂಗ್ರಹಾಲಯದಲ್ಲಿದೆ. ಇಂಥ ಕುಟುಂಬಗಳ ಸಂಸಾರವೆಲ್ಲ ಹತ್ತಡಿ ಉದ್ದದ ಹಿಂಗೋಣೆಯಲ್ಲಿ. ಮಕ್ಕಳು ಹುಟ್ಟಿದ್ದು, ಅಡುಗೆ ಬೆಂದದ್ದು, ಮುದುಕರು ಸತ್ತದ್ದು ಅಲ್ಲೇ. ಆ ಇಕ್ಕಟ್ಟಿನಲ್ಲೂ ಬಾಗಿಲು, ನೀರಿನ ಡಬ್ಬ, ಪೆಟ್ಟಿಗೆ, ಎಲ್ಲದರ ಮೇಲೆ ಗುಲಾಬಿ ಮತ್ತು ಕೋಟೆಗಳ ಚಿತ್ರ. ಮೇಷ್ಟರ ದೋಣಿಯ ಬಾಗಿಲಲ್ಲೂ ಅವೇ ಗುಲಾಬಿಗಳು. ಅಂಗಡಿಯಿಂದ ತಂದು ಅಂಟಿಸಿದ ಚಿತ್ರ ಅನ್ನುವುದು ಹತ್ತಿರ ಹೋದಾಗ ತಿಳಿಯಿತು. ಸ್ವಲ್ಪ ನಿರಾಸೆಯಾಯಿತು, ಹೇಳಲಿಲ್ಲ.

ಕಾಲುವೆ ಉಳಿದದ್ದಕ್ಕೆ ಒಂದು ಪುಸ್ತಕವೂ ಕಾರಣ. ಟಾಮ್ ರೋಲ್ಟ್ ಎಂಬ ಎಂಜಿನಿಯರ್ 1939ರ ಬೇಸಿಗೆಯಲ್ಲಿ ಇದೇ ಕಾಲುವೆಯ ಬ್ಯಾನ್‌ಬರಿಯಿಂದ ‘ಕ್ರೆಸಿ’ ಎಂಬ ದೋಣಿಯಲ್ಲಿ ಹೆಂಡತಿಯೊಡನೆ ಹೊರಟ. ಆ ಪಯಣದ ಕಥನ ‘ನ್ಯಾರೋ ಬೋಟ್’ 1944ರಲ್ಲಿ ಅಚ್ಚಾಯಿತು. ಓದಿದ ರಾಬರ್ಟ್ ಐಕ್‌ಮನ್ ಪತ್ರ ಬರೆದ. 1946ರಲ್ಲಿ ಇಬ್ಬರೂ ಸೇರಿ ಒಳನಾಡು ಜಲಮಾರ್ಗಗಳ ಸಂಘ ಕಟ್ಟಿದರು. ಆಮೇಲೆ ಇಬ್ಬರಿಗೂ ಜಗಳವಾಯಿತು, ಅದು ಬೇರೆ ಮಾತು. ಬಾರ್ಬರಾ ಕ್ಯಾಸಲ್ ರೂಪಿಸಿದ 1968ರ ಸಾರಿಗೆ ಕಾಯ್ದೆ, ಸರಕು ಸಾಗದ ಕಾಲುವೆಗಳನ್ನೂ ವಿಹಾರಕ್ಕೆಂದು ಉಳಿಸಿಕೊಳ್ಳಬಹುದು ಎಂದು ಒಪ್ಪಿತು. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗ ನೋಡಿಕೊಳ್ಳುತ್ತಿರುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್. ಬಣ್ಣ ಬಳಿಯುವವರು, ಲಾಕ್ ಬಳಿ ನೆರವಿಗೆ ನಿಲ್ಲುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು.

ಜೆರಿಕೋ ಬಡಾವಣೆಯ ಬದಿಯಲ್ಲಿ ಸಾಲು ಸಾಲು ದೋಣಿಮನೆಗಳು. ಮಾಡಿನ ಮೇಲೆ ಸೌದೆ, ಸೈಕಲ್, ಕೊತ್ತಂಬರಿ ಕುಂಡ. ಫಿಲಿಪ್ ಪುಲ್ಮನ್ ತಮ್ಮ ‘ನಾರ್ದರ್ನ್ ಲೈಟ್ಸ್’ ಕಾದಂಬರಿಯ ಜಿಪ್ಷನ್ ಎಂಬ ದೋಣಿ ಜನರನ್ನು ತಂದು ನಿಲ್ಲಿಸಿದ್ದು ಈ ದಡದಲ್ಲಿ. ಮನೆ ಬಾಡಿಗೆ ಕೈಗೆಟುಕದೆ ನೀರಿಗಿಳಿದವರೂ ಇಲ್ಲಿದ್ದಾರೆ. ಖಾಯಂ ಜಾಗವಿಲ್ಲದವರು ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುವಂತಿಲ್ಲ. ವಿಹಾರಕ್ಕೆ ಬಂದ ನಮ್ಮಂಥವರ ಕಣ್ಣಿಗೆ ಎಲ್ಲ ಚಿತ್ರಪಟ. ಜನವರಿಯಲ್ಲಿ ಬಂದು ನೋಡಿ ಅಂದರು ಮೇಷ್ಟರು.

ವುಲ್ವರ್‌ಕೋಟ್, ಡ್ಯೂಕ್ಸ್, ಕಿಡ್ಲಿಂಗ್ಟನ್ ಗ್ರೀನ್ ಹತ್ತಿ, ಹನ್ನೊಂದನೆಯದಾಗಿ ಮತ್ತೆ ರೌಂಡ್‌ಹ್ಯಾಮ್ ಮುಟ್ಟಿದಾಗ ರಾತ್ರಿ ಎಂಟೂವರೆ. ಇನ್ನೂ ಬಿಸಿಲಿತ್ತು. ಎದುರಿನಿಂದ ದೋಣಿಯೊಂದು ಇಳಿಯಲು ಬರುತ್ತಿತ್ತು. ನಾವು ಹತ್ತಿ ತುಂಬಿಸಿದ ಅದೇ ನೀರಿನಲ್ಲಿ ಅವರು ಇಳಿಯಬಹುದು. ಆದ್ದರಿಂದ ಬಾಗಿಲು ತೆರೆದೇ ಬಿಟ್ಟು ಕೈಬೀಸಿದೆವು. ಹದಿನಾರು ಟ್ಯಾಂಕರ್ ನೀರು ಉಳಿಯಿತು.

ಆಕ್ಸ್‌ಫರ್ಡ್ ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ನಿಲ್ದಾಣದಿಂದ ಐಸಿಸ್ ಲಾಕ್ ಹತ್ತು ನಿಮಿಷದ ನಡಿಗೆ. ದೋಣಿ ಸಿಗದಿದ್ದರೂ ದಂಡೆಯ ಕಾಲುದಾರಿಗೆ ಟಿಕೆಟ್ ಇಲ್ಲ. ಮಕ್ಕಳನ್ನು ನೋಡಲು ಆ ಕಡೆ ಹೋಗುವವರು ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಲಾಕ್ ಬಳಿ ಯಾರಾದರೂ ತೊಲೆಗೆ ಬೆನ್ನು ಕೊಟ್ಟು ನೂಕುತ್ತಿದ್ದರೆ ಒಂದು ಮಾತು ಕೇಳಿ ಕೈಜೋಡಿಸಿ. ಬೇಡ ಅನ್ನುವವರು ನನಗಂತೂ ಸಿಗಲಿಲ್ಲ.